ಕುಣಿಯಲಾಗದ ಕಾಲು, ಮುಗಿಯದ ಆಸೆ

ಪ್ರಶ್ನೆ: ಮುಂಬಯಿಯ ಬ್ಯಾಂಕೊಂದರಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ರಜಾದಿನಗಳಲ್ಲಿ ಹವ್ಯಾಸಿ ಯಕ್ಷಗಾನ ತಂಡದಲ್ಲಿ ವೇಷ ಕಟ್ಟುತ್ತಿದ್ದೆ. ಈಗ ಮೊಣಕಾಲಿನ ಸವೆತದಿಂದ ಕುಣಿಯಲಾಗುತ್ತಿಲ್ಲ, ಬದುಕು ಬರಿದೆನಿಸುತ್ತದೆ. ಏನು ಮಾಡಲಿ?

ಉತ್ತರ: ವೈದ್ಯರು ಸೂಚಿಸುವ ತೊಡೆಯ ಸ್ನಾಯುಗಳ ವ್ಯಾಯಾಮದಿಂದ ನೋವು ಇಳಿಯಬಹುದಾದರೂ, ಸವೆದ ಮೃದ್ವಸ್ಥಿ ಮೊದಲಿನಂತಾಗುವುದಿಲ್ಲವಾದ್ದರಿಂದ, ಹಳೆಯ ದಿಗಿಣ (ಜಿಗಿದು ಸುತ್ತುವ ಕುಣಿತ) ಮರಳಿ ಬಂದೀತೆಂದು ಕಾಯುವುದು ನಿಮ್ಮ ಕೊರಗನ್ನು ಬೆಳೆಸುತ್ತದೆಯೇ ಹೊರತು ತಗ್ಗಿಸದು. ಆ ದುಃಖ ಸಹಜವಾದದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಯಕ್ಷಗಾನವಿರುವುದು ಕಾಲಿನಲ್ಲಿ ಮಾತ್ರವಲ್ಲ. ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಯು ಕುಳಿತಲ್ಲಿಂದಲೇ ಕರ್ಣನಾಗಿಯೋ ಕೃಷ್ಣನಾಗಿಯೋ ಆಶುವಾಗಿ ವಾದಿಸಬೇಕಾಗುತ್ತದೆ, ಮತ್ತು ಅದಕ್ಕೆ ಬೇಕಾದ ಓದಿನ ಬಿಡುವು ಲೋಕಲ್ ರೈಲಿನ ಧಾವಂತದ ವರ್ಷಗಳಲ್ಲಿ ನಿಮಗೆ ದೊರೆತಿರಲಾರದು. (ಮಾತು ತಡವರಿಸಿದರೆ ಎದುರಿನ ಅರ್ಥಧಾರಿ ಸುಮ್ಮನೆ ಬಿಡುವುದಿಲ್ಲ ಎಂಬುದೂ ನಿಜ!) ಮಾಟುಂಗಾದಲ್ಲಿ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಎಂಬ ಕನ್ನಡಿಗರ ಸಂಸ್ಥೆ ಇದೆ, ಅಷ್ಟು ದೂರದ ಪ್ರಯಾಣ ಕಷ್ಟವೆನಿಸಿದರೆ ಡೊಂಬಿವಲಿಯಲ್ಲೇ ಆಸಕ್ತರು ನಾಲ್ವರನ್ನು ಕೂಡಿಸಿಕೊಳ್ಳಿ. ಇನ್ನು, ವೇಷಕ್ಕೆ ಕರೆ ಬಂದಾಗ ‘ನೋಡೋಣ’ ಎಂದು ತೇಲಿಸದೆ, ‘ಕುಣಿಯಲಾಗದು, ಅರ್ಥ ಹೇಳುವುದಾದರೆ ಬರುತ್ತೇನೆ’ ಎಂದು ಸ್ಪಷ್ಟವಾಗಿ ತಿಳಿಸಿ.