ಹಳೇ ಫಾರ್ಮ್‌ಹೌಸ್ ಗೋಡೆಗೆ ಸಿಮೆಂಟ್ ಪಾಯಿಂಟಿಂಗಾ? ನಿಲ್ಲಿಸಿ ಸರ್

ಸರ್, ಫೋಟೋ ನೋಡಿದೆ. ಇಂಗ್ಲೆಂಡಿನ ಸಫಕ್‌ನ ಹಳೇ ಫಾರ್ಮ್‌ಹೌಸ್, ಗೋಡೆಯ ಬುಡದಲ್ಲಿ ತೇವ, ಬಿಲ್ಡರ್ ಮಾತು ಕೇಳಿ ಸಂದು ಕೆತ್ತಿಸಿ ಸಿಮೆಂಟ್ ತುಂಬಿಸುತ್ತಿದ್ದೀರಿ. ಅರ್ಧ ಗೋಡೆ ಮುಗಿದಿದೆ ಅಂದಿದ್ದೀರಿ. ಉಳಿದರ್ಧ ಮುಟ್ಟಬೇಡಿ.

ನಾರ್ಫಕ್‌ನ ನಮ್ಮ ಮನೆಗೂ ಇದೇ ಕೆಲಸ ಆಗಿತ್ತು. ಮೊದಮೊದಲು ನೋಡೋಕೆ ಚೆಂದ. ಒಂದು ಜೋರು ಚಳಿಗಾಲ ಬಂದಿದ್ದೇ ತಡ, ಇಟ್ಟಿಗೆಯ ಮುಖ ಹಪ್ಪಳದ ಹಾಗೆ ಎದ್ದು ಉದುರಿತು. ಸಿಮೆಂಟ್ ಸಂದು ಮಾತ್ರ ಹಾಗೇ ಮುಂದೆ ಚಾಚಿಕೊಂಡಿತ್ತು. ಆ ಕಾಲದ ಕೈಯಿಟ್ಟಿಗೆ ಮೆದು, ನೀರು ಕುಡಿಯುತ್ತದೆ. ಕುಡಿದ ನೀರು ಸುಣ್ಣದ ಸಂದಿನಿಂದ ಆರಿ ಹೋಗಬೇಕು. ಆ ದಾರಿ ಮುಚ್ಚಿದರೆ ನೀರು ಇಟ್ಟಿಗೆಯೊಳಗೇ ಹೆಪ್ಪುಗಟ್ಟಿ, ಹಿಗ್ಗಿ, ಮುಖ ಒಡೆಯುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆದುವಾಗಿರಬೇಕು. ಸವೆದ ಗಾರೆಯನ್ನು ಮತ್ತೆ ತುಂಬಬಹುದು, ಸವೆದ ಇಟ್ಟಿಗೆಗೆ ಏನು ಮಾಡುತ್ತೀರಿ? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ, ಅದಕ್ಕೂ ಹಳೇ ಗೋಡೆಗೆ ಸುಣ್ಣವೇ ಸರಿ.

ಹಾಕಿದ ಸಿಮೆಂಟ್ ತೆಗೆಯೋದು ಹೇಗೆ? ದಯವಿಟ್ಟು ಆಂಗಲ್ ಗ್ರೈಂಡರ್ ಬೇಡ. ಲಂಬ ಸಂದಿನಲ್ಲಿ ಅದು ಇಟ್ಟಿಗೆಯ ಅಂಚನ್ನೇ ತಿನ್ನುತ್ತದೆ. ಸಣ್ಣ ಉಳಿ, ಸುತ್ತಿಗೆ, ತಾಳ್ಮೆ. ಯಂತ್ರ ಬೇಕೇ ಬೇಕಾದರೆ ಫೈನ್ ಕಂಪನಿಯ ಮಲ್ಟಿಮಾಸ್ಟರ್ ತರದ್ದು, ಬ್ಲೇಡ್ ಸುತ್ತದೆ ಅತ್ತಿತ್ತ ಅದುರುವ ಯಂತ್ರ. ಅಗ್ಗದ್ದರ ಬ್ಲೇಡ್ ಬೇಗ ಮೊಂಡಾಗುತ್ತದೆ. ಸಿಮೆಂಟ್ ಇಟ್ಟಿಗೆಗೆ ಕಚ್ಚಿ ಹಿಡಿದಿದ್ದರೆ ಅಲ್ಲಿ ಬಿಟ್ಟುಬಿಡಿ, ಎಬ್ಬಿಸಿದರೆ ಹಾನಿ ಜಾಸ್ತಿ. ಆಳ ಸಂದಿನ ಅಗಲದ ಎರಡರಷ್ಟಾದರೂ ಇರಲಿ. ತುಂಬುವ ಮುನ್ನ ಗೋಡೆ ಒದ್ದೆ ಮಾಡಿ.

ಸುಣ್ಣಕ್ಕೆ ನನ್ನ ಓಟು ಸೇಂಟ್ ಆಸ್ಟಿಯರ್ ಕಂಪನಿಯ ಎನ್‌ಎಚ್‌ಎಲ್ 2ಕ್ಕೆ. ಎನ್‌ಎಚ್‌ಎಲ್ ಅಂದರೆ ನೀರು ತಾಗಿ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಎಲ್ಲರೂ 3.5 ಅನ್ನುತ್ತಾರೆ, ಮೆದು ಇಟ್ಟಿಗೆಗೆ ಅದೂ ಸ್ವಲ್ಪ ಗಟ್ಟಿಯೇ. ಅಂಗಡಿಯ ಹೈಡ್ರೇಟೆಡ್ ಲೈಮ್ ಚೀಲವನ್ನು ಸಿಮೆಂಟಿಗೆ ಬೆರೆಸಿ ‘ಸುಣ್ಣದ ಗಾರೆ’ ಅನ್ನುವ ಬಿಲ್ಡರ್‌ಗೆ ಕೈಮುಗಿದು ಕಳಿಸಿ. ಮರಳು ಒರಟಾಗಿರಲಿ, ಸಣ್ಣ ದಪ್ಪ ಎಲ್ಲ ಕಾಳೂ ಇರಲಿ. ನಮ್ಮೂರ ಕಡೆ ಗಾರೆಗೆ ಇಟ್ಟಿಗೆ ಪುಡಿ ಹಾಕುತ್ತಿದ್ದರಲ್ವಾ, ಸುಣ್ಣ ಗಟ್ಟಿಯಾಗಲು ಇಲ್ಲೂ ಅದೇ ಉಪಾಯ ಇದೆ. 5 ಡಿಗ್ರಿಗಿಂತ ಕೆಳಗೆ ಕೆಲಸ ಬೇಡ. ಮೇಲೆ ಒದ್ದೆ ಗೋಣಿ ಇಳಿಬಿಡಿ. ಕಣ್ಣಿಗೆ ಕನ್ನಡಕ ಮರೆಯಬೇಡಿ, ಸುಣ್ಣ ಸುಡುತ್ತದೆ.

ಇನ್ನು ಏಜೆಂಟ್ ಹೇಳಿದ ‘1780ರ ಮನೆ’. ಮುಂಭಾಗದಲ್ಲಿ ಒಂದೇ ವರಸೆಯಲ್ಲಿ ಉದ್ದ ಕಾಣುವ ಇಟ್ಟಿಗೆ, ತಲೆ ಮಾತ್ರ ಕಾಣುವ ಇಟ್ಟಿಗೆ ಪಾಳಿಯಲ್ಲಿ ಬಂದಿವೆ, ಅದು ಫ್ಲೆಮಿಶ್ ಬಾಂಡ್. ಪಕ್ಕದ ಗೋಡೆಯಲ್ಲಿ ಆ ಶಿಸ್ತೇ ಇಲ್ಲ. ಚಿಮಣಿ ನೋಡಿದರೆ ಮನೆಯ ನಡುವೆ ದಪ್ಪಗೆ ನಿಂತಿದೆ. ನನ್ನ ಅನುಮಾನ, ಒಳಗೆ ಅದಕ್ಕಿಂತ ಹಳೇ ಮರದ ಚೌಕಟ್ಟಿದೆ, ಮುಂದೆ ಫ್ಯಾಷನ್ನಿಗೆ ಇಟ್ಟಿಗೆ ಹೊದಿಸಿದ್ದಾರೆ. ಅಟ್ಟ ಹತ್ತಿ ತೊಲೆಗಳಲ್ಲಿ ಖಾಲಿ ಗೂಟದ ತೂತು ಇವೆಯಾ ನೋಡಿ. ಇಟ್ಟಿಗೆಯ ದಪ್ಪವನ್ನೂ ಅಳೆಯಿರಿ. 1784ರಲ್ಲಿ ಸರ್ಕಾರ ಸಾವಿರ ಇಟ್ಟಿಗೆಗೆ ಇಷ್ಟು ಅಂತ ತೆರಿಗೆ ಹಾಕಿತು. ಲೆಕ್ಕ ಇಟ್ಟಿಗೆಯ ಮೇಲೆ, ಹಾಗಾಗಿ ಕೆಲವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು! 1803ರಲ್ಲಿ ದೊಡ್ಡ ಇಟ್ಟಿಗೆಗೆ ಎರಡು ಪಟ್ಟು ಬಿತ್ತು. 1850ರಲ್ಲಿ ತೆರಿಗೆ ಹೋಯಿತು. ಆದರೆ ದಪ್ಪ ಒಂದನ್ನೇ ನಂಬಿ ವರ್ಷ ಹೇಳಬೇಡಿ, ಹಳೇ ಇಟ್ಟಿಗೆ ಮರುಬಳಕೆ ಆಗಿರುತ್ತದೆ.

ಮೇಲಿನ ಮುಚ್ಚಿದ ಕಿಟಕಿ ತೆರೆಸುತ್ತೀನಿ ಅಂದಿರಲ್ಲ, ಸುಮ್ನೆ ಕಿಟಕಿ ತೆರಿಗೆಯ ಕಥೆ ನಂಬಿ ಒಡೆಯಬೇಡಿ. ಆ ತೆರಿಗೆ 1696ರಿಂದ 1851ರವರೆಗೆ ಇತ್ತು ನಿಜ. ಆದರೆ ಬಹಳ ಮನೆಗಳಲ್ಲಿ ಎಡಬಲ ಸಮ ಕಾಣಲಿ ಅಂತ ಮೊದಲೇ ಕುರುಡು ಕಿಟಕಿ ಕಟ್ಟಿದ್ದಾರೆ. ಒಳಗಡೆ ತೊಲೆಯೋ ಚೌಕಟ್ಟಿನ ಗುರುತೋ ಸಿಗದಿದ್ದರೆ ಅಲ್ಲಿ ಕಿಟಕಿ ಇರಲೇ ಇಲ್ಲ ಅನ್ನಬಹುದು.

ತೇವಕ್ಕೆ ಬಿಲ್ಡರ್ ಹೇಳಿದ, ಗೋಡೆಗೆ ತೂತು ಕೊರೆದು ತುಂಬುವ ಕೆಮಿಕಲ್ ಇಂಜೆಕ್ಷನ್ ಸದ್ಯ ಬೇಡ. ಫೋಟೋದಲ್ಲಿ ಹೂವಿನ ಪಾತಿಯ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದೆ, ಮೇಲೆ ಗಟರ್ ಸೋರಿದ ಹಸಿರು ಕಲೆಯೂ ಇದೆ. ಮೊದಲು ಅವೆರಡು. ಮತ್ತೆ, ಮನೆ ಸಂರಕ್ಷಿತ ಹಳೇ ಕಟ್ಟಡಗಳ ಗ್ರೇಡ್ 2 ಪಟ್ಟಿಯಲ್ಲಿದೆಯಾ? ಇದ್ದರೆ ಕೌನ್ಸಿಲ್‌ನ ಕನ್ಸರ್ವೇಷನ್ ಆಫೀಸರ್‌ಗೆ ನಾಳೆಯೇ ಫೋನ್ ಮಾಡಿ. ಪಟ್ಟಿಯಲ್ಲಿರುವ ಮನೆಯ ಸ್ವರೂಪ ಒಪ್ಪಿಗೆಯಿಲ್ಲದೆ ಬದಲಿಸಿದರೆ ಇಲ್ಲಿ ಅದು ಅಪರಾಧ, ಬರೀ ದಂಡದ ಮಾತಲ್ಲ.