ಭೂತಾನದಂತೆ ನಾವೂ ಜನರ ಸಂತೋಷ ಅಳೆದು, ದೇಶಕ್ಕೆ 25 ವರ್ಷಗಳ ಯೋಜನೆ ಮಾಡಬಹುದಲ್ಲವೇ?

ಈ ಪ್ರಶ್ನೆಯನ್ನು ನಾನು ಚೀಲದಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿದವನು. ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ ನಮ್ಮ ಹಳ್ಳಿ. ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದಾಗ ಭೂತಾನದ ಬಗ್ಗೆ ಅಷ್ಟಿಷ್ಟು ಓದಿಕೊಂಡು, ಕ್ರಿಯಾಯೋಜನೆಗೆ ಮೊದಲು ಸಂತೋಷದ ಸಮೀಕ್ಷೆ ಆಗಲೇಬೇಕೆಂದು ಹಟ ಹಿಡಿದೆ. ಪಿಡಿಒ ನಕ್ಕು ಫಾರಂ ಝೆರಾಕ್ಸ್ ಮಾಡಿಸಿಕೊಟ್ಟರು.

ಕೆಟ್ಟದ್ದು ಮೊದಲ ಪ್ರಶ್ನೆಯಲ್ಲೇ. ಫಾರಂನಲ್ಲಿ ‘ನೀವು ಸಂತೋಷವಾಗಿದ್ದೀರಾ?’ ಎಂದಿತ್ತು. ಪರಿಚಯದವರ ಹೊಸ್ತಿಲಲ್ಲಿ ನಿಂತು ಹಾಗೆ ಕೇಳಲು ನಾಲಿಗೆ ಏಳಲಿಲ್ಲ. ಕಂಪನಿ ನಾಟಕದ ಮಾತಿನಂತಿತ್ತು. ‘ಆರಾಮ ಇದ್ದೀರಾ?’ ಎಂದು ಕೇಳಿದೆ. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವನೂ ಮೊದಲು ‘ಆರಾಮ’ ಎಂದು, ಆಮೇಲೆ ಸಲೈನ್ ಬಾಟಲಿ ತೋರಿಸುತ್ತಾನೆ. ಎಲ್ಲರೂ ಆರಾಮ ಎಂದರು, ಚಹಾ ಕೊಟ್ಟರು. ಆ ಮರ್ಯಾದೆಯನ್ನೆಲ್ಲ ನಾನು ಅಂಕಗಳಾಗಿ ಬರೆದುಕೊಂಡೆ: ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು. ಅದೂ ಮೃಗಶಿರಾ ಮಳೆ ಹದವಾಗಿ ಬಿದ್ದು ಹೆಸರು ಬಿತ್ತಿದ ವಾರ. ಅದೂ ಉತ್ತರಿಸಿದವರು ಕಟ್ಟೆಯ ಮೇಲೆ ಕೂತ ಯಜಮಾನರು. ಹೆಂಗಸರು ಚಹಾ ಮಾಡಲು ಒಳಗೆ ಹೋಗಿದ್ದರು.

ಅಂಕ ನೋಡಿದರೆ ಊರಿಗೆ ಕೊರತೆಯೇ ಇರಲಿಲ್ಲ. ಹಣ ಅರಳಿಕಟ್ಟೆಯ ಗ್ರಾನೈಟಿಗೂ ಹೈಮಾಸ್ಟ್ ದೀಪಕ್ಕೂ ಹೋಯಿತು.

ಶಿವರಾತ್ರಿ ಕಳೆದ ಮೇಲೆ, ರಾತ್ರಿ ಎರಡಕ್ಕೆ, ಅದೇ ದೀಪದ ಕೆಳಗೆ ನಮ್ಮ ದೊಡ್ಡವ್ವ ಕೊಡ ಹಿಡಿದು ನಿಂತಿದ್ದಳು. ಕೊಳವೆಬಾವಿಗೆ ತ್ರೀಫೇಸ್ ಕರೆಂಟ್ ಬರುವುದು ಆಗಲೇ. ನೀರಿನ ಟ್ಯಾಂಕ್ ಸೀಳಿದ್ದರಿಂದ ಹಗಲಿಗೆಂದು ತುಂಬಿಡುವಂತಿರಲಿಲ್ಲ. ‘ನೀರು ಎಷ್ಟಕ್ಕೆ ಬರುತ್ತದೆ ಎಂದು ಕೇಳಿದ್ದರೆ ಹೇಳುತ್ತಿದ್ದೆನಲ್ಲೋ ತಮ್ಮಾ. ನೀನು ಆರಾಮ ಕೇಳಿದೆ’ ಎಂದಳು. ಟ್ಯಾಂಕಿನ ದುರಸ್ತಿ ಮರುವರ್ಷದ ಪಟ್ಟಿಗೆ ಹೋಯಿತು. ಮುಂದಿನ ಚುನಾವಣೆಯಲ್ಲಿ ಸೋತೆ, ಸೋಲಬೇಕಾದದ್ದೇ.

ಭೂತಾನದ ಸೂಚ್ಯಂಕವನ್ನು ಪೂರ್ತಿ ಓದಿದ್ದು ಆಮೇಲೆ. 9 ಕ್ಷೇತ್ರಗಳು, 33 ಸೂಚಕಗಳು. ದುಡಿಮೆ ಎಷ್ಟು ತಾಸು, ನಿದ್ದೆ ಎಷ್ಟು ತಾಸು ಎಂಬುದೂ ಅದರಲ್ಲಿದೆ. ನಾನು ನಿದ್ದೆಯ ಬಗ್ಗೆ ಕೇಳಿದ್ದರೆ ಸಾಕಿತ್ತು, ಆ ನಲ್ಲಿ ಸಿಕ್ಕಿಬಿಡುತ್ತಿತ್ತು.

ಇನ್ನು ನಿಮ್ಮ 25 ವರ್ಷ. 1951ರಿಂದ 2017ರವರೆಗೆ ಹನ್ನೆರಡು ಪಂಚವಾರ್ಷಿಕ ಯೋಜನೆಗಳಾದವು, ಈಗ 2047ರ ಮಾತು. ದಪ್ಪ ಪುಸ್ತಕಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಭೂತಾನದಿಂದ ಕಡ ತರುವುದಾದರೆ ಅವರ ಸಂವಿಧಾನದ ಒಂದು ಸಾಲು ತನ್ನಿ: ದೇಶದ ಶೇ 60ರಷ್ಟು ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕು. ನಮ್ಮ ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಮರುವರ್ಷ ಆದೇಶವನ್ನೇ ಹಿಂದಕ್ಕೆ ಪಡೆದರು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಕೊಟ್ಟರು. ವನ್ಯಜೀವಿ ಧಾಮವಾದದ್ದು 2019ರಲ್ಲಿ. ಒಂದು ಸಹಿಯಿಂದ ಅಳಿಸಲಾಗದ ಸಾಲು ನಮ್ಮಲ್ಲಿ ಇರಲಿಲ್ಲ, ಅಷ್ಟೇ.

ಸಮೀಕ್ಷೆಗೆ ಹೊರಡುವುದೇ ಆದರೆ ಬೇಸಿಗೆಯಲ್ಲಿ ಹೊರಡಿ, ರಾತ್ರಿ ಎರಡಕ್ಕೆ ನಲ್ಲಿಯ ಹತ್ತಿರ ಹೋಗಿ. ಚಹಾ ಸಿಗುವುದಿಲ್ಲ.