ತೋಟದ ದುಡ್ಡು ತೋರಿಸಿ ಯುಕೆ ಸ್ಟೂಡೆಂಟ್ ವೀಸಾ: ಏಜೆನ್ಸಿ ಬೇಡ, 28 ದಿನದ ಲೆಕ್ಕ ನೋಡಿ

ಸೋಮವಾರಪೇಟೆ ಕಡೆಯ ಕಾಫಿ ತೋಟ, ಅಪ್ಪ ಐಟಿ ರಿಟರ್ನ್ಸ್ ಹಾಕಿಲ್ಲ, ಯುಕೆ ವೀಸಾಗೆ ಯಾವ ಏಜೆನ್ಸಿ ಒಳ್ಳೇದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಮ್ಮದೂ ತೋಟವೇ, ವಿರಾಜಪೇಟೆ ಹತ್ತಿರ. ಏಜೆನ್ಸಿಯವರ ಮಾತು ನಂಬಿಯೇ ಮೊದಲ ಸಲ ನನ್ನ ವೀಸಾ ರಿಜೆಕ್ಟ್ ಆಯಿತು.

ಜನವರಿಗೆ ಸೀಟು ಸಿಕ್ಕಿತ್ತು. ಒಳ್ಳೆ ರೇಟಿಗೆ ಕಾದು ಕಾಳುಮೆಣಸು ಮಾರಿದ ದುಡ್ಡು ಅಪ್ಪನ ಖಾತೆಯಲ್ಲಿತ್ತು. ಮೊದಲ ವರ್ಷದ ಬಾಕಿ ಫೀಸು, ಜೊತೆಗೆ ಹೆಚ್ಚೆಂದರೆ 9 ತಿಂಗಳ ಖರ್ಚು. ಇಷ್ಟು ತೋರಿಸಬೇಕು. ಅರ್ಜಿ ಹಾಕುವ ದಿನ ಇದ್ದರೆ ಸಾಕು ಅಂದರು ಏಜೆನ್ಸಿಯವರು.

ಅಷ್ಟು ಸಾಕಾಗಲ್ಲ. ಅಷ್ಟೂ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದೇ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಆ 28ನೇ ದಿನ ಅರ್ಜಿ ಹಾಕುವುದಕ್ಕೆ ಹಿಂದಿನ 31 ದಿನಗಳ ಒಳಗೆ ಬರಬೇಕು.

ನಮ್ಮ ಕಡೆ ಡಿಸೆಂಬರ್ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅರೇಬಿಕಾ ಕೊಯ್ಲು, ಕಣದ ತುಂಬ ಕಾಫಿ, ಲೈನ್ ಮನೆಯ ಕೂಲಿಯವರಿಗೆ ವಾರವಾರ ಬಟವಾಡೆ, ಅದರ ನಡುವೆ ಹುತ್ತರಿ ಹಬ್ಬ. ಒಂದು ಶನಿವಾರ ಅಪ್ಪ ಬಟವಾಡೆಗೆ ದುಡ್ಡು ತೆಗೆದರು. ಸೋಮವಾರ ಕಾಫಿ ವ್ಯಾಪಾರಿ ಕೊಟ್ಟಿದ್ದನ್ನು ಕಟ್ಟಿದರು. ಪಾಸ್‌ಬುಕ್ಕಿನಲ್ಲಿ ಒಂದು ಡೆಬಿಟ್, ಅದರ ಕೆಳಗಿನ ಸಾಲಿನಲ್ಲೇ ಕ್ರೆಡಿಟ್. ಮಧ್ಯೆ ಒಂದು ಭಾನುವಾರ ಅಷ್ಟೇ. ನಿರಾಕರಣೆ ಪತ್ರದಲ್ಲಿ ಆ ಶನಿವಾರದ ತಾರೀಖನ್ನೇ ಬರೆದಿದ್ದರು. ಅಪ್ಪನನ್ನು ನಾನು ದೂರಲ್ಲ. ಕೊಯ್ಲಿನ ಹೊತ್ತಲ್ಲಿ ಬಟವಾಡೆ ನಿಲ್ಲಿಸೋಕಾಗುತ್ತಾ? ದುಡಿದವರ ಕೂಲಿ ಅದು.

ವೀಸಾ ಫೀಸು ಹೋಯಿತು. ಅಲ್ಲಿನ ಆರೋಗ್ಯ ಸೇವೆಗೆ ಅರ್ಜಿಯ ಜೊತೆಗೇ ಕಟ್ಟುವ, ವರ್ಷಕ್ಕೆ 776 ಪೌಂಡಿನ ಹೆಲ್ತ್ ಸರ್‌ಚಾರ್ಜ್ ಮಾತ್ರ ವಾಪಸ್ ಬಂತು. ಸೀಟು ಖಚಿತ ಅಂತ ಯೂನಿವರ್ಸಿಟಿ ಕೊಡುವ ಸಿಎಎಸ್ ನಂಬರ್ ಒಂದು ಅರ್ಜಿಗೆ ಮಾತ್ರ ನಡೆಯುತ್ತದೆ. ಹೊಸದು ಕೇಳುವಷ್ಟರಲ್ಲಿ ಕ್ಲಾಸು ಶುರುವಾಗಿ, ಸೀಟು ಸೆಪ್ಟೆಂಬರ್‌ಗೆ ಹೋಯಿತು. ವೀಸಾಗೆ ಬೇಕಾದ, ಟಿಬಿ ಇಲ್ಲ ಅನ್ನುವ ಸರ್ಟಿಫಿಕೇಟಿಗೆ 6 ತಿಂಗಳಷ್ಟೇ ಆಯಸ್ಸು, ಅದಕ್ಕೆ ಮತ್ತೆ ಬೆಂಗಳೂರು.

ಎರಡನೇ ಸಲ ಅಮ್ಮನ ಹೆಸರಲ್ಲಿ ಬೇರೆ ಖಾತೆ ತೆರೆದೆವು. ಚೆಕ್‌ಬುಕ್ ಇಲ್ಲ, ಫೋನ್‌ಪೇ ಇಲ್ಲ. ತೋಟದ ವ್ಯವಹಾರ ಆ ಕಡೆ ಸುಳಿಯಲೇ ಇಲ್ಲ. ರೂಪಾಯಿ ಲೆಕ್ಕವನ್ನು ಅರ್ಜಿ ಹಾಕಿದ ದಿನ ಒಂಡಾ (OANDA) ಅನ್ನುವ ವೆಬ್‌ಸೈಟಿನಲ್ಲಿರುವ ವಿನಿಮಯ ರೇಟಿನಲ್ಲಿ ಪೌಂಡಿಗೆ ತಿರುಗಿಸಿ ನೋಡುತ್ತಾರೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಇಟ್ಟೆವು. ವೀಸಾ ಬಂತು.

ಐಟಿ ರಿಟರ್ನ್ಸ್ ಚಿಂತೆ ಬಿಡಿ. ಕ್ಯೂರಿಂಗ್ ಮಾಡಿಸದೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆಸಿ ಬೇಳೆ ಮಾಡಿಸದೆ ಮಾರಿದರೆ ಬರುವುದು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಯುಕೆಯವರು ಕೇಳುವುದು ಖಾತೆಯಲ್ಲಿರುವ ಹಣವನ್ನು. ಆದರೂ ಕಾಫಿ, ಮೆಣಸು ಮಾರಿದ ಬಿಲ್ಲುಗಳನ್ನು ಜೋಪಾನವಾಗಿಡಿ, ದೊಡ್ಡ ಮೊತ್ತ ಎಲ್ಲಿಂದ ಬಂತು ಅಂತ ಪ್ರಶ್ನೆ ಬಂದರೆ ಬೇಕಾಗುತ್ತದೆ. ತೋಟದ ಬೆಲೆ ಕಟ್ಟಿಸಿ ಸರ್ಟಿಫಿಕೇಟ್ ಮಾಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಎಷ್ಟು ಎಕರೆ ಇದ್ದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ. ದೊಡ್ಡಪ್ಪನ ಖಾತೆಯೂ ನಡೆಯಲ್ಲ. ನಿಮ್ಮದು, ಇಲ್ಲವೇ ಅಪ್ಪ ಅಮ್ಮನದು.

ಬ್ಯಾಂಕಿನ ಶಿಕ್ಷಣ ಸಾಲದ ಪತ್ರವಿದ್ದರೆ ಆ ಹಣಕ್ಕೆ 28 ದಿನ ಕಾಯಬೇಕಿಲ್ಲ, ನಿಜ. ಆದರೆ ಆ ಸಾಲಕ್ಕೆ ಜಮ್ಮಾ ಜಾಗ (ಕೊಡಗಿನಲ್ಲಿ ಮನೆತನಕ್ಕೆ ಸೇರಿದ, ತಲೆಮಾರಿನಿಂದ ಬಂದ ಜಮೀನು) ಅಡ ಇಡುವುದಾದರೆ ಪಹಣಿಯಲ್ಲಿ ಕುಟುಂಬದವರೆಲ್ಲರ ಹೆಸರು ಇರುತ್ತದೆ. ಅಷ್ಟು ಜನರ ಸಹಿ ಆಗುವಷ್ಟರಲ್ಲಿ ಸಿಎಎಸ್ ಗಡುವು ಮುಗಿದಿರುತ್ತದೆ. ನಾನಂತೂ ಆ ದಾರಿ ಹಿಡಿಯಲಿಲ್ಲ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಅಪ್ಪ ಅಮ್ಮನ ಖಾತೆ ತೋರಿಸುವುದಾದರೆ ನಿಮ್ಮ ಜನನ ಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ಜನನ ಪತ್ರದಲ್ಲಿ ಮನೆತನದ ಹೆಸರು ಮುಂದೆ ಇದ್ದು, ಬ್ಯಾಂಕಿನಲ್ಲಿ ಬರೀ ಇನಿಶಿಯಲ್ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. 28 ದಿನ ಎಣಿಸುವುದು ಆಮೇಲೆ.